ಹೊಟ್ಟೆಯಲ್ಲಿ ಕಣ್ಣಿದ್ದ ಮೀನು

ನನಗೊಂದು ಚಟವಿದೆ. ಚಟ ಎಂದರೆ ಎಲೆಅಡಿಕೆ, ನಶ್ಯದಂಥದ್ದಲ್ಲ. ಅಂಥದ್ದಿದ್ದರೆ ಮನೆಯಾಕೆ ಎಂದೋ ಬಿಡಿಸಿರುತ್ತಿದ್ದಳು. ಹಳೆಯ ಮೂರ್ತಿಗಳನ್ನು ಇಟ್ಟಿರುವ ಯಾವ ಜಾಗಕ್ಕೆ ಹೋದರೂ ನಾನು ಮೊದಲು ಮೂರ್ತಿ ನೋಡುವುದಿಲ್ಲ, ಅದರ ಕಾಲಬುಡದ ಹಲಗೆ ಓದುತ್ತೇನೆ. ಸುಮ್ಮನೆ ಓದುವುದೂ ಅಲ್ಲ. ಕಿಸೆಯಿಂದ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಸೊಂಟ ಹಿಡಿದುಕೊಂಡು ಬಗ್ಗಿ, ಒತ್ತು ದೀರ್ಘಗಳೆಲ್ಲ ಸರಿಯಾಗಿವೆಯೇ ಎಂದು ಪರೀಕ್ಷೆಯ ಪೇಪರು ತಿದ್ದುವವನ ಹಾಗೆ ನೋಡುತ್ತೇನೆ. ಅಷ್ಟರಲ್ಲಿ ನನ್ನ ಹೆಂಡತಿ ಶಾಂತಾ ಇಡೀ ಕೋಣೆ ಸುತ್ತಿ, ಹೊರಗೆ ಹೋಗಿ, ನೀರು ಕುಡಿದು, ಮರಳಿ ಬಂದಿರುತ್ತಾಳೆ.

“ದೇವರು ಮ್ಯಾಲೆ ನಿಂತಾನ, ನೀವು ಅವನ ಕಾಲಾಗಿನ ಚೀಟಿ ಓದಾಕ ಹತ್ತೀರಿ. ಅವನರ ಏನಂತಾನ?” ಎಂದು ಅವಳು ಕೇಳುತ್ತಾಳೆ. ನಾನು ಮಾಸ್ತರಿಕೆ ಮಾಡಿದವನು, ತಪ್ಪು ಹುಡುಕುವ ರೋಗ ಸುಲಭಕ್ಕೆ ಬಿಡುವುದಿಲ್ಲ ಎಂದು ತೇಲಿಸಿಬಿಡುತ್ತೇನೆ. ಬಂಧುಬಳಗದಲ್ಲೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಇವತ್ತು ನಿಮ್ಮೆದುರು ಖರೆ ಹೇಳಿಬಿಡುತ್ತೇನೆ. ಬಹಳ ಹಿಂದೆ ಇಂಥದೇ ಒಂದು ಹಲಗೆಯನ್ನು ನಾನೇ ಕೈಯಾರೆ ತಪ್ಪು ಬರೆದಿದ್ದೆ. ಒಂದೇ ಹಲಗೆಯಲ್ಲಿ ಎರಡು ತಪ್ಪು. ಮೊನ್ನೆ ಎಷ್ಟೋ ವರ್ಷಗಳ ಮೇಲೆ ಗದಗದ ನಮ್ಮ ಸಣ್ಣ ಶಿಲ್ಪಸಂಗ್ರಹಾಲಯಕ್ಕೆ ಶಾಂತಾಳ ಜೊತೆ ಹೋದಾಗ ಅದೇ ಮೂರ್ತಿಯ ಮುಂದೆ ನಿಂತೆ, ಎಲ್ಲ ನೆನಪಾಯಿತು.

ನಾನು ಬೆಟಗೇರಿಯ ನೇಕಾರರ ಓಣಿಯವನು. ನಮ್ಮ ಓಣಿಯಲ್ಲಿ ಕೋಳಿ ಕೂಗುವ ಮೊದಲೇ ಮಗ್ಗದ ಸಪ್ಪಳ ಶುರುವಾಗುತ್ತಿತ್ತು. ಒಂದು ಮನೆಯಲ್ಲಿ ಖಟಕ್ ಎಂದರೆ ಎದುರು ಮನೆಯಲ್ಲಿ ಪಟಕ್ ಎನ್ನುತ್ತಿತ್ತು. ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದರೆ ಯಾರದೋ ಹಾಸು ಹೊರಬಿದ್ದಿದೆ ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಗೊತ್ತಾಗುತ್ತಿತ್ತು. ಹಾಸು ಎಂದರೆ ಸೀರೆಯ ಉದ್ದನೆಯ ಎಳೆಗಳು. ಅವನ್ನು ಮಗ್ಗಕ್ಕೆ ಏರಿಸುವ ಮೊದಲು ಓಣಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಬ್ರಷ್ ಎಳೆದು, ಹರಿದ ಎಳೆ ಕೂಡಿಸಿ, ಬಿಸಿಲೇರುವುದರೊಳಗೆ ಸುತ್ತಿಬಿಡಬೇಕು. ಇದು ಒಬ್ಬರ ಕೆಲಸವಲ್ಲ, ಹತ್ತು ಹದಿನೈದು ಕೈ ಬೇಕು. ಇವತ್ತು ನಿಮ್ಮ ಹಾಸು ಹಿಡಿಯಲು ನಾನು ಬಂದರೆ ನಾಳೆ ನನ್ನದಕ್ಕೆ ನೀವು ಬರಬೇಕು. ಕರೆಯುವ ರೂಢಿ ಇರಲಿಲ್ಲ. ಹಾಸು ಹೊರಗೆ ಬಂತೆಂದರೆ ಜನ ತಾವಾಗಿಯೇ ಬರುತ್ತಿದ್ದರು. ನಾನು ಸಣ್ಣವನಿದ್ದಾಗ ಆ ಎಳೆಗಳ ಚಪ್ಪರದ ಕೆಳಗೆ ತಲೆ ತಗ್ಗಿಸಿ ಓಡಿ, ಎಷ್ಟು ಜನರಿಂದ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಸಾಕಿದವಳು ಚಿಗವ್ವ, ಕಾಕಾನ ಹೆಂಡತಿ ಗಂಗವ್ವ. ಹಿರೇವಡ್ಡಟ್ಟಿಯಿಂದ ಸೊಸೆಯಾಗಿ ಬಂದವಳು. ಮಕ್ಕಳಿರಲಿಲ್ಲ, ಅದರಿಂದ ಬೈಗಳೂ ಬೆಣ್ಣೆಯೂ ಪೂರ್ತಿ ನನ್ನ ಪಾಲಿಗೇ ಬಂದವು. ಕಾಕಾ ತೀರಿಕೊಂಡ ಮೇಲೆ ಅವಳು ಹದಿಮೂರು ದಿನ ಸುಮ್ಮನಿದ್ದು, ಹದಿನಾಲ್ಕನೆಯ ದಿನ ಮಗ್ಗದ ಕುಣಿಗೆ ತಾನೇ ಇಳಿದು ಕೂತಳು. ಓಣಿಗೆ ಇದು ನುಂಗಲಾರದ ತುತ್ತಾಯಿತು. ನಮ್ಮಲ್ಲಿ ಹೆಂಗಸರು ರಾಟಿ ತಿರುಗಿಸಬಹುದು, ಕಂಡಿಕೆಗೆ ನೂಲು ಸುತ್ತಬಹುದು, ಗಂಜಿ ಕುದಿಸಬಹುದು. ಲಾಳಿ ಮಾತ್ರ ಮುಟ್ಟುವಂತಿಲ್ಲ. ಅಡ್ಡ ಎಳೆ ಹೊತ್ತು ಈ ಕಡೆಯಿಂದ ಆ ಕಡೆಗೆ ಓಡುವ ಆ ಕಟ್ಟಿಗೆಯ ತುಂಡು ಗಂಡಸರ ಸೊತ್ತು.

ಓಣಿಯ ಹಿರಿಯ ಈರಪ್ಪಣ್ಣ ಬಾಗಿಲಲ್ಲಿ ನಿಂತು, “ಗಂಗವ್ವ, ಹೆಂಗಸ್ರು ಲಾಳಿ ಒಗೀಬಾರದವಾ. ಹಿಂದಿನಿಂದ ಬಂದ ಪದ್ಧತಿ ಐತಿ” ಎಂದ.

ಚಿಗವ್ವ ಕೈ ನಿಲ್ಲಿಸದೆ, “ಹಂಗಾರ ನೀವು ಬಂದು ಒಗೀರಿ ಈರಪ್ಪಣ್ಣ. ನಾ ಕಂಡಿಕಿ ಸುತ್ತತೀನಿ” ಎಂದಳು. ಅವನು ತನ್ನ ಮಗ್ಗ ಬಿಟ್ಟು ಬರುವಂತಿರಲಿಲ್ಲ. ಗೊಣಗಿಕೊಂಡು ಹೋದ. ಓಣಿ ಸಹಿಸಿಕೊಂಡಿತು, ಒಪ್ಪಲಿಲ್ಲ. ಅವಳು ನೇಯುತ್ತಿದ್ದದ್ದು ಪಟ್ಟೇದ ಅಂಚಿನ ಸೀರೆ. ಅದಕ್ಕೆ ಹೊರಮಗ್ಗುಲು ಒಳಮಗ್ಗುಲು ಎಂಬುದಿಲ್ಲ, ಹೇಗೆ ತಿರುವಿ ಉಟ್ಟರೂ ಒಂದೇ. ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಓಣಿಯ ಬಾಯಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಲ್ಲು ಇತ್ತು. ಎರಡು ಮೊಳ ಎತ್ತರದ್ದು. ತಲೆತಲಾಂತರದಿಂದ ಅದಕ್ಕೆ ಎಣ್ಣೆ ಹೊಯ್ದು, ಅರಿಷಿಣ ಕುಂಕುಮ ಮೆತ್ತಿ ಮೆತ್ತಿ, ಕಣ್ಣು ಮೂಗು ಯಾವುದೂ ಕಾಣದೆ ಅದು ಕೆಂಪು ಗುಂಡಾಗಿ ಕೂತಿತ್ತು. ಎಲ್ಲರೂ ಅದನ್ನು ಲಾಲವ್ವ ಎನ್ನುತ್ತಿದ್ದರು. ನಮ್ಮ ಕಡೆಯ ಮಾತಿನಲ್ಲಿ ಹಿಂದುಸ್ತಾನಿ ಸಾಕಷ್ಟು ಬೆರೆತಿರುವುದು ನಿಮಗೆ ಗೊತ್ತೇ ಇದೆ. ಕೆಂಪಗಿದ್ದಾಳೆ, ಅದಕ್ಕೇ ಲಾಲವ್ವ. ಇದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಚಿಗವ್ವ ಒಬ್ಬಳು ಮಾತ್ರ ನಾಲಿಗೆ ಮಡಚಿ ‘ಲಾಳವ್ವ’ ಎನ್ನುತ್ತಿದ್ದಳು. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕು, ಹಿರೇವಡ್ಡಟ್ಟಿ ನಾಲಿಗಿ ಎನ್ನುತ್ತಿದ್ದರು. ನಾನು ಕನ್ನಡ ಶಾಲೆಗೆ ಹೋಗಿ ನಾಲ್ಕು ಅಕ್ಷರ ಕಲಿತ ಮೇಲಂತೂ ಅವಳನ್ನು ತಿದ್ದುವ ಭಾರ ನನ್ನ ತಲೆಯ ಮೇಲೆಯೇ ಬಿದ್ದಿದೆ ಎಂದುಕೊಂಡೆ.

“ಚಿಗವ್ವಾ, ಳ ಅಲ್ಲ, ಲ. ಲಾಲವ್ವ. ಎಲ್ಲಿ, ಅನ್ನು.”

“ಲಾಳವ್ವ.”

“ಮತ್ತ ಅದನ್ನ ಅಂತಿ.”

“ನಮ್ಮತ್ತಿ ಹಂಗ ಅಂತಿದ್ಲೋ. ಆಕಿ ಬಾಯಾಗ ನಾ ಕೇಳೀನಿ. ನಿನ್ನ ಪುಸ್ತಕದಾಗ ಐತೇನು ಲಾಲವ್ವನ ಹೆಸರು?”

ಪುಸ್ತಕದಲ್ಲಿ ಇರಲಿಲ್ಲ. ಆದರೂ ನಾನು ವರ್ಷಗಟ್ಟಲೆ ತಿದ್ದಿದೆ. ಆ ಹಟವನ್ನು ನನ್ನ ಗಣಿತದ ಕಡೆ ತೋರಿಸಿದ್ದರೆ ನಾನು ಮಾಮಲೇದಾರನಾದರೂ ಆಗುತ್ತಿದ್ದೆ.

ಆಗಿನ ಕಾಲವೇ ಹಾಗಿತ್ತು, ಎಲ್ಲರೂ ಏನನ್ನೋ ತಿದ್ದಲು ಹೊರಟಿದ್ದರು. ನಮ್ಮ ಸುತ್ತ ದಿಕ್ಕಿಗೊಂದು ಸರಕಾರ. ಗದಗ ಮುಂಡರಗಿ ಮುಂಬಯಿಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು. ಮೂಡಲಿಗೆ ನಡೆದರೆ ನಿಜಾಮನ ಸೀಮೆ, ಸಿಂಗಟಾಲೂರಿನಲ್ಲಿ ಹೊಳೆ ದಾಟಿದರೆ ಮದ್ರಾಸಿನವರ ಸೀಮೆ. ಸ್ವಾತಂತ್ರ್ಯ ಬಂದ ದಿನ ನಮ್ಮ ಶಾಲೆಯಲ್ಲಿ ಪೇಢೆ ಹಂಚಿದರು. ಶಿರಹಟ್ಟಿಯಲ್ಲಿದ್ದ ನನ್ನ ಸೋದರಮಾವನ ಮಗ, ನಮಗಿನ್ನೂ ರಾಜರೇ ಇದ್ದಾರೆ ಎಂದು ಜಂಬ ಮಾಡಿದ. ನಿನಗೆ ಪೇಢೆ ಸಿಕ್ಕಿತೇನು ಎಂದು ನಾನು ಕೇಳಿದೆ. ಸ್ವಾತಂತ್ರ್ಯದ ವಿಷಯದಲ್ಲಿ ನಾನು ಗೆದ್ದ ವಾದ ಅದೊಂದೇ.

ಆಮೇಲೆ ಏಕೀಕರಣದ ಗದ್ದಲ. ಸಭೆ, ಮೆರವಣಿಗೆ, ಭಾಷಣ. ಕೊನೆಗೆ ಒಂದು ದಿನ ಎಲ್ಲ ಸೀಮೆಗಳೂ ಒಂದೇ ರಾಜ್ಯದೊಳಗೆ ಬಂದವು. ಹೆಸರು ಮೈಸೂರು ಎಂದೇ ಉಳಿದದ್ದು ನಮ್ಮವರಿಗೆ ಸ್ವಲ್ಪ ಇರಿಸುಮುರಿಸಾಯಿತು. ಆದರೂ ಆ ದಿನ ಊರಿನಲ್ಲಿ ಹೋಳಿಗೆ ಮಾಡದ ಮನೆ ಇರಲಿಲ್ಲ. ಇನ್ನು ಕಚೇರಿಯಲ್ಲಿ ಕನ್ನಡದಲ್ಲೇ ಅರ್ಜಿ ಕೊಡಬಹುದು ಎಂದು ಜನ ಕೆಲಸವಿಲ್ಲದಿದ್ದರೂ ಅರ್ಜಿ ಬರೆಸಿದರು. ನಾನು ಆಗ ಹೊಸದಾಗಿ ಮಾಸ್ತರನಾಗಿದ್ದೆ. ನನ್ನ ಅಕ್ಷರ ದುಂಡಗಿದ್ದದ್ದರಿಂದ ಅರ್ಧ ಅರ್ಜಿಗಳನ್ನು ಬರೆದವನು ನಾನೇ.

ಆ ದುಂಡು ಅಕ್ಷರವೇ ನನ್ನನ್ನು ಸಿಕ್ಕಿಸಿತು. ಗದಗದಲ್ಲಿ ಹತ್ತಿ ತುಂಬುತ್ತಿದ್ದ ಒಂದು ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿದು, ಸುತ್ತಲ ಹೊಲ ಕೆರೆ ತಿಪ್ಪೆಗಳಲ್ಲಿ ಬಿದ್ದ ಮೂರ್ತಿಗಳನ್ನು ತಂದು ನಿಲ್ಲಿಸಿ, ಸಂಕ್ರಾಂತಿಗೆ ತೆರೆಯಬೇಕೆಂದು ನಿಶ್ಚಯವಾಯಿತು. ಅದನ್ನು ನೋಡಿಕೊಳ್ಳಲು ಧಾರವಾಡದ ಕಡೆಯಿಂದ ಒಬ್ಬ ದೇಸಾಯಿ ಸಾಹೇಬರು ಬಂದರು. ಬಡಕಲು ಮನುಷ್ಯ, ಕರೀ ಟೊಪ್ಪಿಗೆ, ಕಲ್ಲನ್ನು ಕಂಡರೆ ಮಗುವನ್ನು ಕಂಡಂತೆ ಬಗ್ಗಿ ಮಾತಾಡಿಸುವವರು. ಲಕ್ಷ್ಮೇಶ್ವರದಿಂದ ಕೈ ಮುರಿದ ಜಿನ, ಶಿರಹಟ್ಟಿಯಿಂದ ಬಾಲವಿಲ್ಲದ ಸಿಂಹ, ಹೊಳೆಸಾಲಿನಿಂದ ಎರಡು ವೀರಗಲ್ಲು ಚಕ್ಕಡಿಯಲ್ಲಿ ಬಂದಿಳಿದವು. ನಿನ್ನೆಯವರೆಗೆ ಬೇರೆ ಬೇರೆ ಸರಕಾರದ ಬಿಸಿಲಲ್ಲಿ ನಿಂತಿದ್ದವು ಒಂದೇ ಮಾಡಿನ ಕೆಳಗೆ ಸಾಲಾಗಿ ನಿಂತದ್ದು ನೋಡಿ ನನಗೆ ನಿಜಕ್ಕೂ ಎದೆ ತುಂಬಿ ಬಂತು.

ಸಾಹೇಬರ ಕಣ್ಣು ಲಾಲವ್ವನ ಮೇಲೂ ಬಿತ್ತು. ಓಣಿಯ ಬಾಯಲ್ಲಿ ರಸ್ತೆ ಅಗಲ ಮಾಡುವವರಿದ್ದರು, ಕಲ್ಲು ಹೇಗೂ ಸರಿಯಬೇಕಿತ್ತು. ಆದರೂ ಓಣಿಯವರು ಕೊಡಲು ಒಪ್ಪಲಿಲ್ಲ. ಸಾಹೇಬರು ನನ್ನನ್ನು ಹಿಡಿದರು, ನಾನು ಚಿಗವ್ವನನ್ನು ಹಿಡಿದೆ. ಅವಳು ಈರಪ್ಪಣ್ಣನ ಕಟ್ಟೆಯ ಮುಂದೆ ನಿಂತು ಎಲ್ಲರೆದುರು ಹೇಳಿದಳು.

“ನೆರಳಾಗ ಕುಂಡ್ರತಾಳ. ಮಳಿ ಇಲ್ಲ, ಬಿಸಿಲಿಲ್ಲ, ನಾಯಿ ಕಾಟ ಇಲ್ಲ. ಹೋದವ್ರು ಬಂದವ್ರು ಹೆಸರು ಓದಿ ಕೈ ಮುಗೀತಾರ. ನನ್ನ ಮಾತಿನ ಮ್ಯಾಲೆ ಕೊಡ್ರಿ.”

ಅವಳ ಮಾತಿನ ಮೇಲೆಯೇ ಕೊಟ್ಟರು. ಈರಪ್ಪಣ್ಣ, “ನೋಡವಾ, ಅವ್ವಗ ಅಪಮಾನ ಆಗಬಾರದು. ಆದ್ರ ನಿನ್ನ ಮ್ಯಾಲೆ” ಎಂದು ಎಲ್ಲರೆದುರೇ ಹೇಳಿದ.

ಸಂಗ್ರಹಾಲಯದ ಪಹರೆಯವನು ಮೌಲಾಸಾಬ ಬಿಸಿನೀರು, ಸೀಗೆಕಾಯಿ, ತೆಂಗಿನ ನಾರು ಹಿಡಿದು ಆ ಕಲ್ಲನ್ನು ವಾರಗಟ್ಟಲೆ ತಿಕ್ಕಿದ. ಎರಡು ಬೆರಳು ದಪ್ಪದ ಎಣ್ಣೆಜಿಡ್ಡು ಸಿಪ್ಪೆಯಂತೆ ಎದ್ದು ಬಂತು. ಒಳಗಿಂದ ಹಸಿರು ಛಾಯೆಯ ಬಳಪದ ಕಲ್ಲಿನ ಹೆಣ್ಣೊಬ್ಬಳು ಹೊರಬಂದಳು. ಮೂಗು ಮುರಿದಿತ್ತು, ನಗೆ ಹಾಗೇ ಇತ್ತು. ಬಲಗೈ ಎದೆಯ ಮಟ್ಟಕ್ಕೆ ಎತ್ತಿ ಎರಡೂ ತುದಿ ಚೂಪಾದ, ನಡು ಉಬ್ಬಿದ ಏನನ್ನೋ ಹಿಡಿದಿದ್ದಳು. ಎಡಗೈ ಮುಷ್ಟಿ ಕಟ್ಟಿ ಸೊಂಟದ ಹತ್ತಿರ ಇತ್ತು. ಸಾಹೇಬರು ನೋಡಿ ರಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬರೆದರು: ಮೀನು ಹಿಡಿದ ಹೆಂಗಸು.

ಹಲಗೆ ಬರೆಯುವ ಕೆಲಸ ನನ್ನದು. ಕರೀ ಬಣ್ಣದ ಹಲಗೆ, ಬಿಳೀ ಬಣ್ಣದ ಅಕ್ಷರ. ಕನ್ನಡದಲ್ಲಿ ಬರೆಯುವ ಹಕ್ಕು ಹೊಸದಾಗಿ ಬಂದಿರುವಾಗ ‘ಮೀನು ಹಿಡಿದ ಹೆಂಗಸು’ ಎಂದು ಸಂತೆಯ ಮಾತಿನಲ್ಲಿ ಬರೆಯುವುದೇ? ಮೂರು ದಿನ ತಲೆ ಕೆರೆದುಕೊಂಡು ಒಂದು ಶಬ್ದ ಹುಟ್ಟಿಸಿದೆ. ‘ಮತ್ಸ್ಯಹಸ್ತೆ.’ ಅದರ ಕೆಳಗೆ, ‘ಲಾಲವ್ವ, ಬೆಟಗೇರಿ.’ ಮತ್ಸ್ಯದ ಒತ್ತುಗಳನ್ನು ಬಿಡಿಸುವಾಗ ನನಗಾದ ಸುಖ ಅಷ್ಟಿಷ್ಟಲ್ಲ. ಹಲಗೆ ದೂರ ಹಿಡಿದು ನೋಡಿದೆ, ಹತ್ತಿರ ಹಿಡಿದು ನೋಡಿದೆ, ಮೌಲಾಸಾಬನಿಗೂ ತೋರಿಸಿದೆ. ಅವನು, “ಭಾಳ ಜಡ ಐತಿ ಮಾಸ್ತರ” ಎಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಉದ್ಘಾಟನೆಗೆ ಎಂಟು ದಿನವಿರುವಾಗ ಈರಪ್ಪಣ್ಣ ಲಾಲವ್ವ ಹೇಗಿದ್ದಾಳೆಂದು ನೋಡಲು ಬಂದ. ಹಲಗೆಯ ಮುಂದೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದ.

“ಮ... ತ್ಸ್ಯ... ಏನಿದು ಮಾಸ್ತರ, ನಾಲಿಗಿ ಹೊಳ್ಳವಲ್ದು.”

ನಾನು ಇದಕ್ಕಾಗಿಯೇ ಕಾದಿದ್ದೆ. ಎದೆ ಉಬ್ಬಿಸಿ, “ಮತ್ಸ್ಯ ಅಂದ್ರ ಮೀನ. ಹಸ್ತ ಅಂದ್ರ ಕೈ. ಕೈಯಾಗ ಮೀನ ಹಿಡಕೊಂಡಾಕಿ ಅಂತ ಈರಪ್ಪಣ್ಣ” ಎಂದೆ.

ಅವನ ಮುಖ ಬೂದಿಯಾಯಿತು. ನಮ್ಮದು ಮೊಟ್ಟೆಯನ್ನೂ ಹೊಸ್ತಿಲೊಳಗೆ ತರದ ಓಣಿ. “ನಮ್ಮ ಅವ್ವನ ಕೈಯಾಗ ಮೀನ ಕೊಟ್ಟಿ ಏನೋ?” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಶಬ್ದ ಅರ್ಥವಾಗದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನನಗೆ ಆಗ ಅನಿಸಿತು.

ಮರುದಿನ ಚಿಗವ್ವನ ಹಾಸು ಹೊರಬೀಳಬೇಕಿತ್ತು. ಅವಳು ನಸುಕಿನಲ್ಲೇ ಗಂಜಿ ಕುದಿಸಿ, ಎಳೆಯ ದೊಡ್ಡ ಉಂಡೆ ಹೊತ್ತು ಓಣಿಗೆ ಬಂದು ಗೂಟ ನೆಟ್ಟಳು. ಯಾರೂ ಬರಲಿಲ್ಲ. ಎದುರು ಮನೆಯಲ್ಲಿ ಖಟಕ್ ಎಂದಿತು, ಪಕ್ಕದ ಮನೆಯಲ್ಲಿ ಪಟಕ್ ಎಂದಿತು. ಬಾಗಿಲು ತೆರೆದಿದ್ದವು, ಒಳಗೆ ಜನ ಇದ್ದರು, ಒಬ್ಬರೂ ತಲೆ ಎತ್ತಲಿಲ್ಲ. ನಾನು ಓಡಿ ಹೋಗಿ ಒಂದು ತುದಿ ಹಿಡಿದೆ. ಅವಳು ಇನ್ನೊಂದು ತುದಿ ಹಿಡಿದು ನಿಂತಳು. ನಡುವೆ ಎಳೆಗಳು ನೆಲಕ್ಕೆ ಜೋತುಬಿದ್ದವು. ಇಬ್ಬರಿಂದ ಹಾಸು ಏಳುವುದಿಲ್ಲ. ಹಾಸು ಏಳದಿದ್ದರೆ ಮಗ್ಗ ನಿಂತಿತು, ಮಗ್ಗ ನಿಂತರೆ ಚಿಗವ್ವನ ಬಾಳು ನಿಂತಂತೆ. ಹೆಂಗಸು ಲಾಳಿ ಹಿಡಿದದ್ದಕ್ಕೇ ಹೀಗಾಯಿತು ಎಂದು ಯಾರೋ ಒಳಗಿನಿಂದ ಅಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

ಅವಳು ಅಳಲಿಲ್ಲ. ಎಳೆಗಳನ್ನು ಮರಳಿ ಸುತ್ತಿ ಒಳಗಿಟ್ಟು, ಗಂಜಿಯನ್ನು ಎಮ್ಮೆಗೆ ಹೊಯ್ದು, ಕೈ ತೊಳೆದು ಬಂದಳು.

“ನಡಿ. ನನಗ ತೋರಸು.”

“ಏನು?”

“ನೀ ಕೊಟ್ಟ ಮೀನ.”

ಬೆಟಗೇರಿಯಿಂದ ಗೋದಾಮಿನವರೆಗೆ ಅವಳು ಮುಂದೆ, ನಾನು ಹಿಂದೆ. ತಿಕ್ಕಿ ತೊಳೆದ ಮೇಲೆ ಆ ಮೂರ್ತಿಯನ್ನು ಅವಳು ನೋಡಿಯೇ ಇರಲಿಲ್ಲ. ಮೊದಲು ಕೈ ಮುಗಿದಳು. ಆಮೇಲೆ ಮುಖ ನೋಡಿದಳು, ಕೈ ನೋಡಿದಳು, ಮತ್ತೆ ಕೈಯನ್ನೇ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳ ಭುಜ ಅಲುಗಿದ್ದು ಕಂಡು ಅಳುತ್ತಿದ್ದಾಳೆಂದು ಹೆದರಿದೆ. ಅವಳು ನಗುತ್ತಿದ್ದಳು.

“ಲೇ ಮಾಸ್ತರ, ಮೀನಿಗೆ ಕಣ್ಣು ಎಲ್ಲಿರತೈತಿ?”

“ತಲ್ಯಾಗ.”

“ಈ ಮೀನಿಂದು?”

ನಾನು ಬಗ್ಗಿ ನೋಡಿದೆ. ಎಷ್ಟೋ ಸಲ ನೋಡಿದ್ದ ಕಲ್ಲನ್ನು ಅಂದು ಮೊದಲ ಸಲ ನೋಡಿದೆ. ಕಣ್ಣು ಎಂದು ನಾವು ತಿಳಿದಿದ್ದ ಆ ದುಂಡು ತೂತು ಹೊಟ್ಟೆಯ ನಟ್ಟನಡುವೆ ಇತ್ತು.

“ಇಲ್ಲೇ ನಿಂದ್ರು, ಬಂದೆ” ಎಂದು ಚಿಗವ್ವ ಹೊರಟೇಹೋದಳು. ಒಂದು ತಾಸಿನ ಮೇಲೆ ಬೆವರು ಒರೆಸುತ್ತ ಮರಳಿ ಬಂದಾಗ ಉಡಿಯಲ್ಲಿ ಅರಿವೆಯ ಗಂಟು ಇತ್ತು. ಅಷ್ಟರಲ್ಲಿ ಸಾಹೇಬರೂ ಬಂದಿದ್ದರು. ನಾನು ನಡೆದದ್ದನ್ನು ತೊದಲುತ್ತ ಅವರಿಗೆ ಹೇಳಿದ್ದೆ. ಅವರು ರಜಿಸ್ಟರು ತೆರೆದುಕೊಂಡೇ ನಿಂತಿದ್ದರು.

“ನೋಡವಾ, ರಜಿಸ್ಟರದಾಗ ಮೀನ ಅಂತ ಬರದೀನಿ. ಆಕಾರ ಮೀನಿಂದ ಐತಿ. ಇಂಥಾವು ಬ್ಯಾರೆ ಕಡೆನೂ ಅದಾವ” ಎಂದರು.

“ಕಣ್ಣು ಹೊಟ್ಯಾಗ ಐತಲ್ರಿ ಸಾಹೇಬರ.”

“ಕಡಿಯೋವಾಗ ಶಿಲ್ಪಿ ತಪ್ಪಿರಬೇಕು.”

“ಕಾಲುಬೆರಳಿನ ಉಗುರು ಸೈತ ಇಷ್ಟು ಚೆಂದ ಕಡದಾನ. ಕಣ್ಣು ತಪ್ಪತಾನೇನ್ರಿ ಅಂವ?”

ಸಾಹೇಬರು ಕಾಲುಬೆರಳ ಕಡೆ ನೋಡಿದರು. ಚಿಗವ್ವ ಉಡಿಯ ಗಂಟು ಬಿಚ್ಚಿದಳು. ಒಳಗಿದ್ದದ್ದು ಒಂದು ಹಳೆಯ ಕಟ್ಟಿಗೆಯ ತುಂಡು. ಎಣ್ಣೆ ಬೆವರು ಕುಡಿದು ಕರ್ರಗಾಗಿತ್ತು. ಎರಡು ತುದಿ ಚೂಪು, ನಡುವೆ ಉಬ್ಬು, ಉಬ್ಬಿನ ಮಗ್ಗುಲಲ್ಲಿ ಎಳೆ ಹೊರಗೆ ಬರಲು ಒಂದು ತೂತು. ಅವಳ ಅತ್ತೆಯ ಕಾಲದ ಲಾಳಿ, ಹಗ್ಗ ಜಗ್ಗಿ ಓಡಿಸುವುದು ಬರುವ ಮೊದಲು ಕೈಯಿಂದಲೇ ಒಗೆಯುತ್ತಿದ್ದದ್ದು. ಅಟ್ಟದ ಮೇಲೆ ಎಲ್ಲಿಯೋ ಬಿದ್ದಿದ್ದನ್ನು ನಾನೂ ಸಣ್ಣವನಿದ್ದಾಗ ದೋಣಿ ಮಾಡಿ ಆಡಿದ್ದೆ. ಅದನ್ನು ಅವಳು ಕಲ್ಲಿನ ಬಲಗೈಯ ಪಕ್ಕಕ್ಕೆ ಹಿಡಿದಳು. ಒಂದನ್ನು ನೋಡಿ ಇನ್ನೊಂದನ್ನು ಕಡೆದ ಹಾಗಿತ್ತು.

ಮೌಲಾಸಾಬ, “ಯಾ ಅಲ್ಲಾ” ಎಂದು ಮೆಲ್ಲಗೆ ಅಂದ.

ಸಾಹೇಬರು ಸುಲಭಕ್ಕೆ ಸೋಲುವವರಲ್ಲ. “ಆಕಾರ ಕೂಡತೈತಿ, ಖರೆ. ಆದ್ರ ಲಾಳಿ ಅಂದಮ್ಯಾಲೆ ಎಳಿ ಬೇಕಲ್ಲವಾ. ಎಳಿ ಎಲ್ಲೈತಿ?” ಎಂದರು.

ಚಿಗವ್ವ ಕಲ್ಲಿನ ಹತ್ತಿರ ಹೋಗಿ ಆ ತೂತಿನಿಂದ ಕೆಳಗೆ ಮೂರ್ತಿಯ ಹೊಟ್ಟೆಯ ಮೇಲೆ ಓರೆಯಾಗಿ ಇಳಿದಿದ್ದ ಒಂದು ಸಣ್ಣ ಗೀರಿನ ಮೇಲೆ ಉಗುರು ಎಳೆದಳು. ಮೌಲಾಸಾಬನ ನಾರಿಗೂ ಸಿಗದ ಜಿಡ್ಡು ಅದರೊಳಗೆ ಇನ್ನೂ ಕೂತಿತ್ತು.

“ಅದು ಸೀರಿ ನೆರಗಿ” ಎಂದರು ಸಾಹೇಬರು.

“ಹೆಂಗಸರ ಮುಂದ ನೆರಗಿ ಸುದ್ದಿ ಹೇಳಬ್ಯಾಡ್ರಿ ಸಾಹೇಬರ. ಉಳದ ನೆರಗಿ ಎಲ್ಲಾ ಕೆಳಗ ಇಳದಾವ. ಇದೊಂದ ಯಾಕ ಅಡ್ಡ ಹೊಂಟೈತಿ?”

ಅವಳು ಸೊಂಟದಿಂದ ಒಂದು ಕೆಂಪು ನೂಲಿನ ಎಳೆ ತೆಗೆದು ಮೌಲಾಸಾಬನ ತಂಬಿಗೆಯಲ್ಲಿ ಅದ್ದಿದಳು. ಒಂದು ತುದಿಯನ್ನು ಕಲ್ಲಿನ ತೂತಿನಲ್ಲಿ ಒತ್ತಿದಳು. ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಗೀರಿನೊಳಗೆ ಕೂಡಿಸುತ್ತ ಬಂದಳು. ಎಳೆ ಗೀರಿನಲ್ಲಿ ಎಲ್ಲೂ ಹೊರಗೆ ಜಿಗಿಯದೆ, ಹೊಟ್ಟೆಯ ಮೇಲೆ ಹಾದು, ಸೊಂಟದ ಡಾಬಿನ ಕೆಳಗೆ ನುಸುಳಿ, ನೆಟ್ಟಗೆ ಎಡಗೈಯ ಮುಷ್ಟಿಯೊಳಗೆ ಹೋಗಿ ನಿಂತಿತು. ಲಾಳಿ ಒಗೆಯುವ ಮೊದಲು ನೇಯುವವರು ಎಳೆಯ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಚಿಗವ್ವ ದಿನಾ ಹಿಡಿಯುತ್ತಿದ್ದಳು, ನಾನು ದಿನಾ ನೋಡಿದ್ದೆ.

ಸಾಹೇಬರು ಟೊಪ್ಪಿಗೆ ತೆಗೆದರು. ಅವರು ತಲೆ ಕೆರೆದುಕೊಳ್ಳುವುದಕ್ಕೆ ತೆಗೆದರೋ, ಮತ್ತೇತಕ್ಕೋ, ಮತ್ತೆ ಹಾಕಿಕೊಳ್ಳಲಿಲ್ಲ. ರಜಿಸ್ಟರಿನಲ್ಲಿ ಮೀನಿನ ಮೇಲೆ ಗೀಟು ಎಳೆದರು. ಆಮೇಲೆ ಪೆನ್ನು ಹಿಡಿದುಕೊಂಡೇ, “ಅವ್ವಾ, ಏನಂತ ಬರೀಲಿ?” ಎಂದು ಕೇಳಿದರು. ಅಷ್ಟು ಹೊತ್ತು ‘ನೋಡವಾ’ ಎನ್ನುತ್ತಿದ್ದವರ ಬಾಯಲ್ಲಿ ಆ ‘ಅವ್ವಾ’ ಬೇರೆಯೇ ಕೇಳಿಸಿತು.

“ಆಕಿ ಹೆಸರು ಬರೀರಿ. ಲಾಳವ್ವ.”

“ಲಾಲವ್ವ” ಎಂದು ಸಾಹೇಬರು ಬರೆಯಹೋದರು.

“ಲ ಅಲ್ರಿ” ಎಂದಳು ಚಿಗವ್ವ. ಹಾಗೆಂದವಳು ತಿರುಗಿ ನನ್ನನ್ನು ನೋಡಿದಳು.

ನಿಮಗೂ ಈಗ ಹೊಳೆದಿರಬೇಕು. ಲಾಳಿಯ ಅವ್ವ ಲಾಳವ್ವ. ಎಣ್ಣೆ ಕುಂಕುಮ ಮೆತ್ತಿ ಮೆತ್ತಿ ಲಾಳಿ ಮುಚ್ಚಿಹೋಯಿತು, ಲಾಳಿ ಮುಚ್ಚಿದ ಮೇಲೆ ಹೆಸರೂ ಕೆಂಪಾಗಿ ಲಾಲವ್ವನಾಯಿತು. ಭಕ್ತಿಯಿಂದಲೇ ದೇವರ ಹೆಸರು ಕೆಡಿಸಿದವರು ನಾವು. ಇಡೀ ಓಣಿಯಲ್ಲಿ ಒಂದೇ ಒಂದು ನಾಲಿಗೆ ಅದನ್ನು ಸರಿಯಾಗಿ ಉಳಿಸಿಕೊಂಡು ಬಂದಿತ್ತು, ಅದನ್ನು ನಾನು ಹತ್ತು ವರ್ಷ ತಿದ್ದಿದ್ದೆ. ಆ ಗಳಿಗೆಯಲ್ಲಿ ನನಗಾದ ನಾಚಿಕೆ ದೊಡ್ಡದು. ಅದಕ್ಕಿಂತ ದೊಡ್ಡದು ಸಂತೋಷ. ಚಿಗವ್ವನ ಕಾಲು ಮುಟ್ಟಬೇಕೆನಿಸಿತು. ಮುಟ್ಟಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು, “ಕಾಲು ಸಾಕು, ಹಲಗಿ ತಿದ್ದು” ಎಂದಳು.

ತಿದ್ದಲಿಲ್ಲ, ಹಲಗೆಯನ್ನೇ ಪೂರ್ತಿ ಕೆರೆದು ಹೊಸದಾಗಿ ಬರೆದೆ. ‘ಲಾಳವ್ವ. ಲಾಳಿ ಹಿಡಿದು ನೇಯುವ ಹೆಂಗಸು. ಬೆಟಗೇರಿ.’ ನನ್ನ ಮತ್ಸ್ಯಹಸ್ತೆ ಹುಟ್ಟಿದ ಹದಿನೈದು ದಿನಕ್ಕೇ ಸತ್ತಳು. ಆಮೇಲೆ ನಾನು ಹೊಸ ಶಬ್ದ ಹುಟ್ಟಿಸುವ ಉಸಾಬರಿಗೆ ಹೋಗಲಿಲ್ಲ.

ಸಂಕ್ರಾಂತಿಯ ದಿನ ಓಣಿಯವರು ಬಂದರು. ಬರುವುದಿಲ್ಲ ಎಂದಿದ್ದರು. ಆದರೆ ಸಾಹೇಬರು ಖುದ್ದಾಗಿ ಈರಪ್ಪಣ್ಣನ ಕಟ್ಟೆಗೆ ಹೋಗಿ ಕರೆದಿದ್ದರು. ರಿಬ್ಬನ್ನು ಕತ್ತರಿಸಿ ದೊಡ್ಡವರೆಲ್ಲ ಜಿನನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಮ್ಮವರು ನೇರವಾಗಿ ಒಳಕೋಣೆಗೆ ನಡೆದರು. ಲಾಳವ್ವ ನಟ್ಟನಡುವೆ ನಿಂತಿದ್ದಳು. ಕೆಂಪು ಎಳೆಯನ್ನು ಸಾಹೇಬರು ತೆಗೆಯಗೊಟ್ಟಿರಲಿಲ್ಲ. ಈರಪ್ಪಣ್ಣ ಹಲಗೆ ಓದಿದ. ಈ ಸಲ ನಾಲಿಗೆ ಎಲ್ಲೂ ತೊಡರಲಿಲ್ಲ. ಆಮೇಲೆ ಕಲ್ಲಿನ ಬಲಗೈ ನೋಡಿದ, ಎಡಗೈ ನೋಡಿದ, ತನಗರಿವಿಲ್ಲದೆಯೇ ತನ್ನ ಕೈಗಳನ್ನೂ ಹಾಗೇ ಹಿಡಿದ. ಅರವತ್ತು ದಾಟಿದ ನೇಕಾರ, ಕೈಗೆ ಹೇಳಿಕೊಡಬೇಕಾದ್ದೇನಿರಲಿಲ್ಲ.

“ಹೆಂಗಸು” ಎಂದ. ಮತ್ತೊಮ್ಮೆ, “ಲಾಳಿ ಹಿಡಿದಾಕಿ ಹೆಂಗಸು” ಎಂದ. ಚಿಗವ್ವ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಅವನು ಅವಳ ಕಡೆ ಪೂರ್ತಿ ತಿರುಗದೆ, “ಗಂಗವ್ವ, ನಾಳೆ ಹಾಸು ತಗೀ” ಎಂದ.

ಮರುದಿನ ನಸುಕಿನಲ್ಲಿ ನಮ್ಮ ಓಣಿಯಲ್ಲಿ ಒಂದೂ ಮಗ್ಗ ಸಪ್ಪಳ ಮಾಡಲಿಲ್ಲ. ಎಲ್ಲರೂ ಚಿಗವ್ವನ ಹಾಸು ಹಿಡಿಯಲು ಬಂದಿದ್ದರು. ಹದಿನೈದು ಕೈ ಸಾಕಿತ್ತು, ಮೂವತ್ತು ಕೈ ಇದ್ದವು, ಕೆಲವರಿಗೆ ಹಿಡಿಯಲು ಜಾಗವೇ ಸಿಗಲಿಲ್ಲ. ನನ್ನನ್ನಂತೂ ಎಳೆ ಸಿಕ್ಕು ಮಾಡುತ್ತಾನೆಂದು ಗಂಜಿಯ ಗಡಿಗೆಯ ಹತ್ತಿರ ಕೂಡಿಸಿದರು. ಚಿಗವ್ವ ತಲೆ ಎತ್ತಿಕೊಂಡು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಾಡಿದಳು. ಈರಪ್ಪಣ್ಣನಿಗೂ, “ಬಿಗಿ ಜಗ್ಗರಿ, ಅನ್ನ ಉಂಡೀರಿಲ್ಲೋ?” ಎಂದು ಗದರಿಸಿದಳು. ಅವನು ಬಿಗಿಯಾಗಿ ಜಗ್ಗಿದ. ಅವಳನ್ನು ಅಷ್ಟು ಎತ್ತರದವಳನ್ನಾಗಿ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆ ಹಾಸು ಮಗ್ಗಕ್ಕೆ ಏರಿದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಪಾಟಿ ತೆಗೆದುಕೊಂಡು ಬಂದಳು. “ಒಂದಕ್ಷರ ಕಲಸು” ಎಂದಳು. ಎಲ್ಲ ಕಲಿಸುತ್ತೇನೆ ಎಂದೆ. “ಬ್ಯಾಡ. ಅದೊಂದ ಸಾಕು.” ಳ ಬರೆದುಕೊಟ್ಟೆ. ಪಾಟಿಯನ್ನು ಮಗ್ಗದ ಮುಂದೆ ನಿಲ್ಲಿಸಿಕೊಂಡು, ಸೆರಗಿನ ಮೂಲೆಯಲ್ಲಿ ಬುಟ್ಟಾ ಎತ್ತುವ ಹಾಗೆ ಎಳೆ ಎಣಿಸಿ ಎಣಿಸಿ ಅದನ್ನು ನೇಯ್ದಳು. ಸೀರೆ ಬಿಚ್ಚಿ ನೋಡಿದರೆ ಳ ತಿರುಗಿ ಬಿದ್ದಿತ್ತು, ಕನ್ನಡಿಯಲ್ಲಿ ಕಂಡ ಹಾಗೆ. ಇನ್ನೂ ತಿದ್ದುವ ಚಟ ಬಿಡದ ನಾನು ಅದನ್ನೂ ಹೇಳಿದೆ.

“ಪಟ್ಟೇದಂಚಿನ ಸೀರಿ ಐತಲೇ ಇದು. ತಿರುವಿ ಉಟ್ರ ಸರಿ ಆಗತೈತಿ” ಎಂದಳು. ಆಮೇಲೆ ನೇಯ್ದ ಸೀರೆಗಳಲ್ಲೆಲ್ಲ ಅವಳ ಳ ನೆಟ್ಟಗೇ ಬಂತು. ಮೊದಲನೆಯದನ್ನು ಮಾತ್ರ ಯಾರಿಗೂ ಕೊಡದೆ ಪೆಟ್ಟಿಗೆಯಲ್ಲಿಟ್ಟು, ನನ್ನ ಮದುವೆಯಲ್ಲಿ ಶಾಂತಾಗೆ ಉಡಿಸಿದಳು. ಚಿಗವ್ವ ಹೋಗಿ ಎಷ್ಟೋ ವರ್ಷವಾಯಿತು. ಸೀರೆ ಇದೆ.

ಮೊನ್ನೆ ಶಾಂತಾ ಅದನ್ನೇ ಉಟ್ಟಿದ್ದಳು. ಗೋದಾಮಿಗೆ ಈಗ ಹೊಸ ನೆಲ, ಹೊಸ ದೀಪ. ನನ್ನ ಕರೀ ಹಲಗೆ ಹೋಗಿ ಅಚ್ಚು ಹಾಕಿದ ಫಲಕ ಬಂದಿದೆ. ನಾನು ಕನ್ನಡಕ ಒರೆಸಿ, ಸೊಂಟ ಹಿಡಿದು ಬಗ್ಗಿದೆ. ಳ ಇತ್ತು. ನೆಮ್ಮದಿಯಿಂದ ಉಸಿರು ಬಿಡುವಷ್ಟರಲ್ಲಿ, ಬಂದವರಿಗೆ ವಿವರಿಸುತ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ನಾಲ್ಕಾರು ಜನರನ್ನು ಕರೆದುಕೊಂಡು ಬಂದು, “ಈಕಿ ಲಾಲವ್ವ ಅಂತ್ರಿ” ಎಂದು ಶುರು ಮಾಡಿದಳು.

ನನ್ನ ಬಾಯಿ ತಾನಾಗಿ ತೆರೆಯಿತು. ಆದರೆ ಶಾಂತಾ ನನಗಿಂತ ಮುಂದಿದ್ದಳು.

“ಯವ್ವಾ, ಇಲ್ಲಿ ಬಾ. ಇದನ್ನ ಓದು” ಎಂದು ಸೆರಗಿನ ಮೂಲೆ ಹಿಡಿದು ತೋರಿಸಿದಳು.

ಹುಡುಗಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. “ಯಾವ ಭಾಷಾದ್ದು ಅಜ್ಜಿ ಇದು? ತಿಳೀವಲ್ದು.”

ಶಾಂತಾ ಸೆರಗನ್ನು ಮೆಲ್ಲಗೆ ತಿರುವಿದಳು.

“ಳ” ಎಂದಳು ಹುಡುಗಿ.

“ಹಾಂ. ಈಗ ಆಕಿ ಹೆಸರು ಹೇಳು.”

ಹುಡುಗಿ ಸೆರಗನ್ನು ನೋಡಿದಳು, ಮೇಲೆ ಕಲ್ಲಿನ ಕೈಯನ್ನು ನೋಡಿದಳು. ಬಂದವರ ಕಡೆ ತಿರುಗಿ, ನಾಲಿಗೆಯನ್ನು ಚಿಗವ್ವ ಮಡಚುತ್ತಿದ್ದ ಹಾಗೆಯೇ ಮಡಚಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಈಕಿ ಲಾಳವ್ವ.”